ಮೂನ್‌ಲೈಟಿಂಗ್‌ನ ಆ ಕಪ್ಪುಬಿಳುಪು ಎಪಿಸೋಡು: ಕೊಂದಿದ್ದು ಅವನೋ ಅವಳೋ?

ಕಿಟ್ಟಪ್ಪ_ಜೆಪಿನಗರ:
ಎಲ್ರಿಗೂ ನಮಸ್ಕಾರ. ಮಗನ ಮನೆ ಅಂತ ನ್ಯೂಜೆರ್ಸಿಗೆ ಬಂದು ಎರಡು ತಿಂಗಳಾಯ್ತು, ಹೊರಗಡೆ ಮೂಗು ಉದುರಿಹೋಗೋ ಚಳಿ, ಅದಕ್ಕೆ ನಾನೂ ನಮ್ಮನೆಯವ್ರೂ ರಾತ್ರಿ ಊಟ ಆದ್ಮೇಲೆ ಮೂನ್‌ಲೈಟಿಂಗ್ ಅನ್ನೋ ಹಳೇ ಡಿಟೆಕ್ಟಿವ್ ಸೀರಿಯಲ್ ಹಾಕ್ಕೊಂಡು ಕೂತ್ಕೋತೀವಿ. ಬ್ರೂಸ್ ವಿಲ್ಲಿಸ್ ತಲೇಲಿ ಕೂದಲಿದ್ದ ಕಾಲದ್ದು. ಎರಡನೇ ಸೀಸನ್ನಲ್ಲಿ ಒಂದು ಎಪಿಸೋಡಿದೆ, ಹೆಸರೇ ಮೈಲುದ್ದ, 'ದಿ ಡ್ರೀಮ್ ಸೀಕ್ವೆನ್ಸ್ ಆಲ್ವೇಸ್ ರಿಂಗ್ಸ್ ಟ್ವೈಸ್'. ಫ್ಲೆಮಿಂಗೋ ಕೋವ್ ಅಂತ ಒಂದು ಹಳೇ ನೈಟ್ ಕ್ಲಬ್ಬು. 40ರ ದಶಕದಲ್ಲಿ ಅಲ್ಲೊಂದು ಕೊಲೆ ಆಗಿರುತ್ತೆ. ಹಾಡೋ ಹೆಂಗಸು ರೀಟಾ, ಬ್ಯಾಂಡಲ್ಲಿ ತುತ್ತೂರಿ ಊದೋ ಝ್ಯಾಕ್, ಇವರಿಬ್ಬರ ನಡುವೆ ಸತ್ತೋನು ಅವಳ ಗಂಡ. ಇಬ್ಬರಿಗೂ ಮರಣದಂಡನೆ ಆಗುತ್ತೆ, ಸಾಯೋವರೆಗೂ ಇವನು ಅವಳ ಮೇಲೆ ಹಾಕ್ತಾನೆ, ಅವಳು ಇವನ ಮೇಲೆ. ಈ ಕಥೆ ಕೇಳ್ಕೊಂಡು ಡಿಟೆಕ್ಟಿವ್ ಜೋಡಿ ಮ್ಯಾಡಿ, ಡೇವಿಡ್ ಇಬ್ಬರೂ ಕಿತ್ತಾಡ್ತಾರೆ, ಮನೆಗೆ ಹೋಗಿ ಮಲ್ಕೋತಾರೆ, ಇಬ್ಬರಿಗೂ ಅದೇ ಕೊಲೆ ಬೇರೆ ಬೇರೆ ಥರ ಕನಸಲ್ಲಿ ಬರುತ್ತೆ, ಕಪ್ಪುಬಿಳುಪಲ್ಲಿ.

ಡೇವಿಡ್ ಕನಸು ಅದ್ಭುತ ರೀ. ಹೊಗೆ, ಹ್ಯಾಟು, ಅವಳು ಬಾಗಿಲಲ್ಲಿ ನಿಂತ್ಕೊಂಡು ನೋಡೋ ನೋಟ, ಪಾಪ ಅವನು ಬಲೆಗೆ ಬೀಳೋದು. ಮ್ಯಾಡಿ ಕನಸೂ ಏನೋ ಚೆನ್ನಾಗೇ ಇತ್ತು. ನನ್ನ ಪ್ರಕಾರ ರೀಟಾನೇ ಮಾಡ್ಸಿದ್ದು, ಅನುಮಾನಾನೇ ಇಲ್ಲ. ನಮ್ಮನೆಯವ್ರು ಝ್ಯಾಕೇ ಅಂತಾರೆ. ಮೂರು ದಿನದಿಂದ ಕಾಫಿ ಲೋಟ ಇಡೋವಾಗಲೂ ಟಕ್ ಅಂತ ಸದ್ದು. ನೋಡಿರೋರು ಯಾರಾದ್ರೂ ತೀರ್ಪು ಕೊಡಿ ಸ್ವಾಮಿ.

ಹುಬ್ಬಳ್ಳಿ_ಮಿರ್ಚಿ:
ತೀರ್ಪು ಆಮೇಲೆ ರೀ ಸರ್, ಮೊದ್ಲು ಕಾಫಿ ನೀವಾ ಮಾಡ್ಕೊಳ್ಳೋದು ಕಲೀರಿ.

ರೀಲ್‌ಸುತ್ತೋಳು:
ಅಯ್ಯೋ ನನ್ನ ಫೇವರಿಟ್ ಎಪಿಸೋಡು! ಕಿಟ್ಟಪ್ಪ ಸಾರ್, ಯಾರು ಕೊಂದ್ರು ಅಂತ ಅದರಲ್ಲಿ ಹೇಳೋದೇ ಇಲ್ಲ, ಮಜಾ ಇರೋದೇ ಅಲ್ಲಿ. ಹೆಂಗಸಿನ ಕನಸಲ್ಲಿ ಹೆಂಗಸು ಮುಗ್ಧೆ, ಗಂಡಸಿನ ಕನಸಲ್ಲಿ ಗಂಡಸು ಮುಗ್ಧ. ನೀವಿಬ್ಬರೂ ಈಗ ಮೂರನೇ ಕನಸು ಆಡ್ತಾ ಇದೀರ.

ಶುರುವಲ್ಲಿ ಹಾಲಿವುಡ್ಡಿನ ಹಳೇ ನಿರ್ದೇಶಕ ಆರ್ಸನ್ ವೆಲ್ಸ್ ಬಂದು ಮಾತಾಡ್ತಾರಲ್ಲ, ಅದನ್ನ ಸ್ಕಿಪ್ ಮಾಡ್ಲಿಲ್ಲ ತಾನೇ? ಇನ್ನೊಂದು ಹನ್ನೆರಡು ನಿಮಿಷಕ್ಕೆ ಬಣ್ಣ ಹೋಗುತ್ತೆ, ಟೀವಿ ಕೆಟ್ಟಿದೆ ಅಂದ್ಕೋಬೇಡಿ ಅನ್ನೋ ಅರ್ಥದಲ್ಲಿ ಎಚ್ಚರಿಕೆ ಕೊಡ್ತಾರೆ. ಎಬಿಸಿ ಚಾನೆಲ್‌ನೋರಿಗೆ ನಿಜವಾಗಲೂ ಆ ಭಯ ಇತ್ತು. ಪ್ರಸಾರ ಆಗಿದ್ದು 1985ರ ಅಕ್ಟೋಬರ್ 15ಕ್ಕೆ, ವೆಲ್ಸ್ ತೀರ್ಕೊಂಡಿದ್ದು ಅಕ್ಟೋಬರ್ 10ಕ್ಕೆ. ಜನ ಟೀವಿ ಹಾಕಿದಾಗ ಮನುಷ್ಯ ಹೋಗಿ ಐದೇ ದಿನ ಆಗಿತ್ತು. ಅದು ಗೊತ್ತಿದ್ದು ನೋಡಿದ್ರೆ ಆ ತಮಾಷೆ ಮಾತು ಬೇರೆ ಥರ ಕೇಳ್ಸುತ್ತೆ. ಅವರ ಕೊನೇ ಕೆಲಸ ಅದು.

ಸಾಗರದ_ಭಟ್ಟ:
ಒಂದು ತಿದ್ದುಪಡಿ ಮೇಡಂ. ಕೊನೇ ಕೆಲಸ ಅನ್ನೋ ಹಾಗಿಲ್ಲ. ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನ್ ಪಿಚ್ಚರಲ್ಲಿ ಅವರ ಧ್ವನಿ ಇದೆ, ಅದು 1986ರಲ್ಲಿ ಬಂತು. 1987ರಲ್ಲಿ ಇನ್ನೊಂದು ಸಿನಿಮಾ ಬಂತು, ಅದರಲ್ಲಿ ಮುಖಾನೂ ಇದೆ. ಎಲ್ಲಾ ಮೊದಲೇ ಮಾಡಿಟ್ಟಿದ್ದು, ಆಮೇಲೆ ಹೊರಗೆ ಬಂದಿದ್ದು.

ರೀಲ್‌ಸುತ್ತೋಳು:
ಒಪ್ಪಿದೆ ಭಟ್ರೇ. ಸಿಟಿಜನ್ ಕೇನ್ ಮಾಡಿದೋನು ಕೊನೆಗೆ ರೋಬೋ ಗ್ರಹಕ್ಕೆ ಧ್ವನಿ ಕೊಟ್ಟು ಹೋದ ಅನ್ನೋದನ್ನ ನಾನು ಬೇಕು ಅಂತಾನೇ ಮರೆತಿದ್ದೆ.

ಚುಮುಚುಮು:
ಈ ಕನಸುಗಳ ಥರದ್ದಕ್ಕೆ ಫಿಲ್ಮ್ ನೋಯಿರ್ ಅಂತಾರಲ್ಲ, ಹಂಗಂದ್ರೆ ಬರೀ ಬ್ಲಾಕ್ ಅಂಡ್ ವೈಟ್ ತಾನೇ ಗುರು? ನನ್ನ ಫೋನಲ್ಲೂ ಆ ಫಿಲ್ಟರ್ ಇದೆ. ಒಂದು ಒತ್ತಿದ್ರೆ ನಮ್ಮ ಗಲ್ಲಿ ನಾಯಿನೂ ಡಿಟೆಕ್ಟಿವ್ ಥರ ಕಾಣ್ಸುತ್ತೆ.

ಸಾಗರದ_ಭಟ್ಟ:
ನೋಯಿರ್ ಅಲ್ಲ ತಮ್ಮಾ, ನ್ವಾರ್. ಫ್ರೆಂಚ್ ಪದ, ಕಪ್ಪು ಅಂತ ಅರ್ಥ. ನಿನೋ ಫ್ರಾಂಕ್ ಅನ್ನೋ ವಿಮರ್ಶಕ 1946ರಲ್ಲಿ ಅಮೆರಿಕದ ಈ ಕೊಲೆ, ಮೋಸ, ಕತ್ತಲೆ ತುಂಬಿದ ಪಿಚ್ಚರುಗಳ ಬಗ್ಗೆ ಬರೀತಾ ಬಳಸಿದ್ದು. ಮಜಾ ಏನಂದ್ರೆ ಅದನ್ನ ಮಾಡಿದ ನಿರ್ದೇಶಕರಿಗೆ ತಾವು ನ್ವಾರ್ ಮಾಡ್ತಾ ಇದೀವಿ ಅಂತಾನೇ ಗೊತ್ತಿರ್ಲಿಲ್ಲ. ಹಿಟ್ಲರ್ ಕಾಟಕ್ಕೆ ಯುರೋಪ್ ಬಿಟ್ಟು ಬಂದ ಬಿಲ್ಲಿ ವೈಲ್ಡರ್, ಫ್ರಿಟ್ಜ್ ಲ್ಯಾಂಗ್, ಸಿಯೋಡ್‌ಮಾಕ್ ಥರದೋರು ಜರ್ಮನಿ ಕಡೆಯ ನೆರಳು-ಬೆಳಕಿನ ಆಟ ಹಾಲಿವುಡ್ಡಿಗೆ ತಂದ್ರು.

ಚುಮುಚುಮು:
ಸರಿ ನ್ವಾರ್. ಆದ್ರೂ ನನ್ನ ಪ್ರಶ್ನೆ ಅದೇ, ಕಲರ್ ತೆಗೆದ್ರೆ ಸಾಕಲ್ವಾ?

ಲೈಟ್‌ಸುಬ್ಬು:
ಸಾಕಾಗಲ್ಲ ಕಣಪ್ಪ. ನಾನು ಹದಿನೆಂಟು ವರ್ಷ ಲೈಟ್ ಯೂನಿಟ್ಟಲ್ಲಿ ದುಡಿದೋನು, ಒಂದು ಕಥೆ ಹೇಳ್ತೀನಿ ಕೇಳು. ಒಂದು ಸೀರಿಯಲ್‌ಗೆ ಫ್ಲಾಶ್‌ಬ್ಯಾಕು, ಡೈರೆಕ್ಟ್ರು ಮಾಮೂಲಿ ಥರಾನೇ ಶೂಟ್ ಮಾಡಿ, ಎಡಿಟಿಂಗಲ್ಲಿ ಕಲರ್ ತೆಗೀತೀವಿ ಅಂದ್ರು. ಹೀರೋಯಿನ್‌ಗೆ ಕೆಂಪು ಸೀರೆ, ಹಸಿರು ಅಂಚು, ಹಿಂದುಗಡೆ ಹಸಿರು ಗೋಡೆ. ಸೆಟ್ಟಲ್ಲಿ ನೋಡಿದ್ರೆ ಗೌರಿ ಹಬ್ಬ. ಸಂಜೆ ಕಲರ್ ತೆಗೆದು ನೋಡ್ತಾರೆ, ಸೀರೆ ಅಂಚು ಗೋಡೆ ಎಲ್ಲಾ ಒಂದೇ ಬೂದಿ. ಗೋಡೆ ಮೇಲೆ ಒಂದು ತಲೆ ಎರಡು ಕೈ ಮಾತ್ರ ತೇಲ್ತಾ ಇವೆ. ಕಾಂಟ್ರಾಸ್ಟ್ ಏರ್ಸಿ ಅಂದ್ರು, ಏರ್ಸಿದ್ರೆ ಆಯಮ್ಮನ ಮುಖ ಸುಣ್ಣ ಬಳಿದಂಗಾಯ್ತು.

ಕಲರಲ್ಲಿ ಬಣ್ಣಾನೇ ಒಂದರಿಂದ ಒಂದನ್ನ ಬಿಡಿಸಿ ತೋರ್ಸುತ್ತೆ, ಲೈಟು ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ನಡೆಯುತ್ತೆ. ಕಪ್ಪುಬಿಳುಪಲ್ಲಿ ಆ ಕೆಲಸ ಎಲ್ಲಾ ಲೈಟೇ ಮಾಡ್ಬೇಕು. ಕೂದಲಿಗೂ ಭುಜಕ್ಕೂ ಹಿಂದಗಡೆಯಿಂದ ಒಂದು ಬೇಬಿ ಲೈಟ್, ಅಂದ್ರೆ ಸಣ್ಣ ಲೈಟ್, ಹೊಡೀದೇ ಇದ್ರೆ ಮನುಷ್ಯ ಗೋಡೆಗೆ ಅಂಟ್ಕೊಂಡು ಬಿಡ್ತಾನೆ. ಆ ಕಿಟಕಿ ಪಟ್ಟಿ ನೆರಳು ನೋಡಿರ್ತೀಯಲ್ಲ, ಅದಕ್ಕೆ ಕಣ್ಣಿನ ಮೇಲೆ ಒಂದು ಬೆಳಕಿನ ಪಟ್ಟೆ, ಬಾಯಿ ಮೇಲೆ ಕತ್ತಲು ಬೀಳೋ ಥರ ಬೆಳಕು ತಡೆಯೋ ಕಟರ್ ಇಟ್ಟಿರ್ತೀವಿ, ಆರ್ಟಿಸ್ಟು ಒಂದಿಂಚು ಆಚೆ ನಿಂತ್ರೆ ಪಟ್ಟೆ ಮೂಗಿನ ಮೇಲೆ ಕೂರುತ್ತೆ, ಭಯ ಹೋಗಿ ಕಾಮಿಡಿ ಆಗುತ್ತೆ. ನೆಲದ ಮೇಲೆ ಟೇಪ್ ಅಂಟಿಸಿ, ಕಾಲು ಅಲ್ಲಾಡಿಸಬೇಡಿ ಸಾರ್ ಅಂತ ಕೈಮುಗಿದಿದೀನಿ. ಹೊಗೆಗೆ ಹಳಬರು ಸಾಂಬ್ರಾಣಿ ಹಾಕ್ತಾ ಇದ್ರು, ಅದು ಇಲ್ದಿದ್ರೆ ಬೆಳಕಿನ ಕೋಲು ಕಣ್ಣಿಗೇ ಬೀಳಲ್ಲ.

ಆ ಮೂನ್‌ಲೈಟಿಂಗ್ ಕ್ಯಾಮೆರಾಮನ್ ಜೆರಾಲ್ಡ್ ಫಿನ್ನರ್‌ಮನ್ ಅಂತ, 60ರ ದಶಕದ ಸ್ಟಾರ್ ಟ್ರೆಕ್ ಮಾಡಿದೋರು. ಹಳೇ ಕಾಲದ ಗರಡಿ. ಅವರು ಇದನ್ನ ನಿಜವಾದ ಬ್ಲಾಕ್ ಅಂಡ್ ವೈಟ್ ಫಿಲ್ಮಲ್ಲೇ ತೆಗೆದ್ರು.

ರೀಲ್‌ಸುತ್ತೋಳು:
ಸುಬ್ಬಣ್ಣ ಸೂಪರ್. ಅದರ ಹಿಂದೆ ಇನ್ನೊಂದು ಕಿಲಾಡಿತನಾನೂ ಇದೆ. ಸೀರಿಯಲ್ ಹುಟ್ಟಿಸಿದ ಗ್ಲೆನ್ ಗಾರ್ಡನ್ ಕ್ಯಾರನ್‌ಗೆ ಚಾನೆಲ್ ಮೇಲೆ ನಂಬಿಕೆ ಇರ್ಲಿಲ್ಲ. ಕಲರ್ ಫಿಲ್ಮಲ್ಲಿ ತೆಗೆದು ಬಣ್ಣ ಇಳಿಸಿದ್ರೆ ನಾಳೆ ಇವರೇ ಬಣ್ಣದ ಪ್ರಿಂಟ್ ಬಿಡ್ತಾರೆ ಅಂತ ಮೂಲದಲ್ಲೇ ಬಣ್ಣ ಇಲ್ದಂಗೆ ಮಾಡ್ಬಿಟ್ರು. ಇನ್ನೊಂದು ಗಮನಿಸಿ, ಎರಡು ಕನಸೂ ಒಂದೇ ಥರ ಇಲ್ಲ. ಮ್ಯಾಡಿದು ಎಂಜಿಎಂ ಸ್ಟುಡಿಯೋ ಪಿಚ್ಚರ್ ಥರ, ರೇಷ್ಮೆ ಮೇಲೆ ಬೆಳಕು ಜಾರೋ ಹಾಗೆ ನಯ. ಡೇವಿಡ್‌ದು ವಾರ್ನರ್ ಬ್ರದರ್ಸ್ ಥರ, ಒರಟು. ಕನಸು ಯಾರದ್ದು ಅಂತ ಮಾತಿಲ್ಲದೆ ಬೆಳಕಲ್ಲೇ ಗೊತ್ತಾಗುತ್ತೆ.

ಕಿಟ್ಟಪ್ಪ_ಜೆಪಿನಗರ:
ಹೌದಾ, ನನಗೆ ಎರಡೂ ಒಂದೇ ಥರ ಕಂಡ್ವು.

ಮಂಡ್ಯದ್_ಗೌಡ್ತಿ:
ಎರಡೂ ಒಂದೇ ಥರ ಹೆಂಗ್ ಕಂಡ್ವು ನಿಮಗೆ? ಕನ್ನಡಕ ಹಾಕಿದ್ರಾ?

ಹಳೇ_ಡಯನೋರಾ:
ಎಬಿಸಿಯೋರು ಹೆದರಿದ್ದು ಕೇಳಿ ನಗು ಬಂತು. 85ರಲ್ಲಿ ನಮ್ಮನೇಲಿದ್ದಿದ್ದೇ ಕಪ್ಪುಬಿಳುಪು ಟೀವಿ, ಮರದ ಷಟರ್ ಇರೋದು, ಬೀಗ ಬೇರೆ. 82ರ ಏಷ್ಯಾಡ್‌ಗೆ ಕಲರ್ ಬಂತು ಅಂತ ಪೇಪರಲ್ಲಿ ಓದಿದ್ವಿ ಅಷ್ಟೇ, ಮನೆಗೆ ಬಂದಿದ್ದು ಅಕ್ಕನ ಮದುವೆ ಆದ್ಮೇಲೆ. ಈ ಎಪಿಸೋಡು ನಮ್ಮನೇಲಿ ಬಂದಿದ್ರೆ ಕನಸು ಎಲ್ಲಿ ಶುರು ಎಲ್ಲಿ ಮುಗೀತು ಅಂತಾನೇ ತಿಳೀತಿರ್ಲಿಲ್ಲ. ನಮಗೆ ವಾರ್ತೆನೂ ನ್ವಾರೇ, ಕೃಷಿದರ್ಶನಾನೂ ನ್ವಾರೇ.

ಹುಬ್ಬಳ್ಳಿ_ಮಿರ್ಚಿ:
😂😂 ಕೃಷಿದರ್ಶನ ನ್ವಾರ್! ಮಳಿ ಬರಾಕತ್ತಿರ್ತೈತಿ, ಕರೇ ಕೋಟ್ ಹಾಕ್ಕೊಂಡ್ ಒಬ್ಬಾಂವ ಬಂದು "ಯೂರಿಯಾ ಎಲ್ಲೈತಿ?" ಅಂತಾನ.

ಕುಡ್ಲದ_ಪೊಣ್ಣು:
ನಮ್ಮ ಅಜ್ಜನ ಮನೆಯಲ್ಲಿ ಟೀವಿ ಮುಂದೆ ನೀಲಿ ಪ್ಲಾಸ್ಟಿಕ್ ಹಾಳೆ ಹಾಕ್ತಿದ್ರು ಮಾರಾಯ್ರೆ. ಆಚೆಮನೆಯವರದ್ದು ಮೇಲೆ ನೀಲಿ, ಮಧ್ಯೆ ಕೆಂಪು, ಕೆಳಗೆ ಹಸಿರು. ಆಕಾಶ, ಮುಖ, ಹುಲ್ಲು ಅಂತ ಲೆಕ್ಕ. ಯಾರಾದ್ರೂ ಬಗ್ಗಿದ್ರೆ ಮುಖ ಹಸಿರಾಗ್ತಿತ್ತು. ಅದರಲ್ಲೇ ರಾಮಾಯಣ ಪೂರ್ತಿ ನೋಡಿದ್ದು.

ಹಳೇ_ಡಯನೋರಾ:
ಹಂಗಾದ್ರೆ ಹನುಮಂತ ಹಾರುವಾಗ ನೀಲಿ, ಇಳಿದ ಮೇಲೆ ಹಸಿರು.

ಧಾರವಾಡ_ಫೇಡಾ:
ಈ ಥರ ಎಪಿಸೋಡ್ ಬ್ಯಾರೆ ಸೀರಿಯಲ್‌ನ್ಯಾಗೂ ಅದಾವ್ರೀ. ಮಾಂಕ್‌ನ್ಯಾಗ 2006ರ ಡಿಸೆಂಬರ್‌ನ್ಯಾಗ ಒಂದು ಬಂದಿತ್ತು, 'ಮಿಸ್ಟರ್ ಮಾಂಕ್ ಅಂಡ್ ದ ಲೆಪರ್', ಅದನ್ನ ಕಪ್ಪುಬಿಳುಪು ಒಂದ್ಸಲ, ಕಲರ್ ಒಂದ್ಸಲ ಎರಡೂ ತೋರ್ಸಿದ್ರು. ಕ್ಯಾಸಲ್‌ನ್ಯಾಗ 2012ಕ್ಕ 'ದ ಬ್ಲೂ ಬಟರ್‌ಫ್ಲೈ', ಅಲ್ಲಿ ಹೀರೋ ಹಳೇ ಡೈರಿ ಓದ್ಕೋತ 1947ಕ್ಕ ಹೋಗ್ತಾನ. ನಂಗ ಅದಾ ಭಾಳ ಸೇರ್ತು. ಹೀರೋಯಿನ್ನ ಆ ಡ್ರೆಸ್‌ನ್ಯಾಗ ನೋಡೂದಾ ಒಂದ್ ಮಜಾ.

ರೀಲ್‌ಸುತ್ತೋಳು:
ಕ್ಯಾಸಲ್‌ದು ಫ್ಯಾನ್ಸಿಡ್ರೆಸ್ ಕಾಂಪಿಟಿಷನ್ ಥರ ಅನ್ನಿಸ್ತು ನಂಗೆ. ಎಲ್ಲರೂ ಹ್ಯಾಟ್ ಹಾಕಿದಾರೆ, ಬೆಳಕು ಮಾತ್ರ 2012ದ್ದೇ.

ಧಾರವಾಡ_ಫೇಡಾ:
ಅಷ್ಟ್ ಹಗುರಾಗಿ ಮಾತಾಡಬ್ಯಾಡ್ರಿ. ಎಲ್ಲಾರೂ 40ರ ಪಿಚ್ಚರಿನ ಝೆರಾಕ್ಸ್ ತೆಗೀಬೇಕಂತ ಎಲ್ಲಿ ಬರ್ದೈತಿ? ಅದು ಅಂವ ಓದಿ ಕಲ್ಪನಾ ಮಾಡ್ಕೊಂಡ ಜಗತ್ತು, ಅಂವ ಇರೂದು ಇವತ್ತಿನ ಕಾಲದಾಗ.

ಲೈಟ್‌ಸುಬ್ಬು:
ಫೇಡಾ ಹೇಳಿದ್ದರಲ್ಲೂ ಪಾಯಿಂಟ್ ಇದೆ. ಆದ್ರೆ ಹಂಗಂದ್ರೆ ನಾಳೆ ಎಲ್ಲಾ ಕ್ಯಾಮೆರಾಮನ್ನೂ ಇದು ಕಲ್ಪನೆ ಸಾರ್ ಅಂತ ತಪ್ಪಿಸ್ಕೋತಾನೆ.

ಸಾಗರದ_ಭಟ್ಟ:
ಉಲ್ಟಾ ಕೇಸೂ ಒಂದಿದೆ. ಪೆರ್ರಿ ಮೇಸನ್ ಅಂತ ಲಾಯರ್ ಸೀರಿಯಲ್, ವರ್ಷಗಟ್ಟಲೆ ಪೂರ್ತಿ ಕಪ್ಪುಬಿಳುಪು, 1966ರಲ್ಲಿ ಒಂದೇ ಒಂದು ಎಪಿಸೋಡ್ ಬಣ್ಣದಲ್ಲಿ ಮಾಡಿದ್ರು. ಅದಾಗಿ ಕೆಲವೇ ತಿಂಗಳಿಗೆ ಸೀರಿಯಲ್ಲೇ ನಿಂತೋಯ್ತು.

ಮೈಸೂರ್‌ಪಾಕ್_72:
ಇಷ್ಟೊತ್ತು ಕಪ್ಪುಬಿಳುಪು ಬೆಳಕು ಅಂತ ಮಾತಾಡಿ ಒಬ್ಬರೂ ನಮ್ಮ ವಿ.ಕೆ. ಮೂರ್ತಿ ಹೆಸರು ಎತ್ತಲಿಲ್ಲವಲ್ಲ, ನಾಚಿಕೆ ಆಗ್ಬೇಕು. ಮೈಸೂರಿನೋರು, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತು ಬೊಂಬಾಯಿಗೆ ಹೋದ್ರು, ಪಿಟೀಲೂ ನುಡಿಸ್ತಾ ಇದ್ರು. ಗುರುದತ್ ಹುಟ್ಟಿದ್ದೂ ಬೆಂಗಳೂರಲ್ಲೇ. 'ಬಾಜಿ'ಲಿ ಅಸಿಸ್ಟೆಂಟ್ ಆಗಿದ್ದಾಗ ಮೂರ್ತಿ ಮಾಡಿದ ಒಂದು ಕಷ್ಟದ ಶಾಟ್ ನೋಡಿ ಗುರುದತ್ ಮುಂದಿನ ಪಿಚ್ಚರ್‌ಗೆ ನೀನೇ ಕ್ಯಾಮೆರಾಮನ್ ಅಂದುಬಿಟ್ರು. 56ರ 'ಸಿ.ಐ.ಡಿ.' ನೋಡಿ, ಬೊಂಬಾಯಿ ರಸ್ತೆ, ಪೊಲೀಸು, ನೆರಳು, ಅದು ನ್ವಾರ್ ಅಲ್ದೆ ಇನ್ನೇನು? ಹಾಲಿವುಡ್ ಸೀರಿಯಲ್‌ನೋರು 85ರಲ್ಲಿ ಮಾಡಿದ್ದಕ್ಕೆ ಇಷ್ಟು ಕುಣೀತೀರಿ.

ಚುಮುಚುಮು:
ಆ ಬೆಳಕಿನ ಕೋಲು ಇರೋ ಹಾಡು ಅವರದ್ದೇ ಅಲ್ವಾ? ದೊಡ್ಡ ಸರ್ಚ್‌ಲೈಟ್ ಇಟ್ಟು ತೆಗೆದ್ರಂತೆ.

ಲೈಟ್‌ಸುಬ್ಬು:
ಸರ್ಚ್‌ಲೈಟ್ ಅಲ್ಲ. 'ಕಾಗಜ್ ಕೇ ಫೂಲ್' ಅದು, 1959. ಬಿಸಿಲೇ. ದೊಡ್ಡ ಕನ್ನಡಿಯಿಂದ ಹೊರಗಿನ ಬಿಸಿಲನ್ನ ಇನ್ನೊಂದು ಕನ್ನಡಿಗೆ ಹಾಯಿಸಿ ಸ್ಟುಡಿಯೋ ಒಳಗೆ ಇಳಿಸಿದ್ದು, ಜೊತೆಗೆ ಹೊಗೆ. ನಮ್ಮ ಯೂನಿಟ್ಟಲ್ಲಿ ಹಳಬರು ಇದನ್ನ ಪುರಾಣ ಹೇಳ್ದಂಗೆ ಹೇಳೋರು. ಸೂರ್ಯ ಜರುಗ್ತಾ ಇರ್ತಾನೆ, ಕನ್ನಡಿ ಹಿಡಿದೋನೂ ಜರುಗ್ತಾ ಇರ್ಬೇಕು. ಪಾಪ ಆ ಕನ್ನಡಿ ಹಿಡಿದ ಹುಡುಗನ ಹೆಸರು ಯಾರಿಗೂ ಗೊತ್ತಿಲ್ಲ. ಫಾಲ್ಕೆ ಪ್ರಶಸ್ತಿ ಸಿಕ್ಕ ಮೊದಲ ಕ್ಯಾಮೆರಾಮನ್ ಮೂರ್ತಿಯವರು, 2008ನೇ ಸಾಲಿಂದು.

ಮಂಡ್ಯದ್_ಗೌಡ್ತಿ:
ಅಂಥಾ ಬೆಳಕಿನ ಪಿಚ್ಚರ್‌ಗಳಿಗೆ ಈಗ ಬಣ್ಣ ಬಳೀತಾರಲ್ಲ ಅದಕ್ಕೇನ್ ಹೇಳ್ತೀರ? 'ಸತ್ಯ ಹರಿಶ್ಚಂದ್ರ' ಆಯ್ತು 2008ರಲ್ಲಿ, 'ಕಸ್ತೂರಿ ನಿವಾಸ' ಆಯ್ತು 2014ರಲ್ಲಿ. ಥಿಯೇಟರಲ್ಲಿ ನೋಡಿ ಅತ್ತೆ ನಾನು, ಅಣ್ಣಾವ್ರಿಗೆ ಅತ್ತಿದ್ದೋ ಬಣ್ಣಕ್ಕೆ ಅತ್ತಿದ್ದೋ ಗೊತ್ತಿಲ್ಲ.

ಮೈಸೂರ್‌ಪಾಕ್_72:
ಅಮ್ಮಾ, ಆ ಬಣ್ಣದಿಂದಾನೇ ನನ್ನ ಮಗಳು ಮೊದಲನೇ ಸಲ ರಾಜ್‌ಕುಮಾರ್ ಪಿಚ್ಚರ್ ಪೂರ್ತಿ ಕೂತು ನೋಡಿದ್ದು. ಕಪ್ಪುಬಿಳುಪು ಅಂದ್ರೆ ಎದ್ದೋಗ್ತಾ ಇದ್ಲು. ಶುದ್ಧ ಅಂತ ಕಪಾಟಲ್ಲಿ ಇಟ್ಟು ಧೂಳು ಹಿಡಿಸೋದಕ್ಕಿಂತ ಇದು ವಾಸಿ.

ಮಂಡ್ಯದ್_ಗೌಡ್ತಿ:
ಬಣ್ಣದ್ದು ನೋಡ್ಲಿ, ಬೇಡ ಅಂದೋರ್ ಯಾರು. ಹಳೇದೂ ಸಿಗಂಗಿರ್ಲಿ ಅನ್ನೋದಷ್ಟೇ ನನ್ನ ಮಾತು. ಕ್ಯಾರನ್ ಮಾಡಿದ್ದು ಸರಿ, ಬಣ್ಣ ಹಾಕಕ್ಕೂ ಜಾಗ ಬಿಡ್ಲಿಲ್ಲ.

ಸಾಗರದ_ಭಟ್ಟ:
ಕಪ್ಪುಬಿಳುಪು ಫಿಲ್ಮಿಗೇ ಅಲ್ವೇ ಕಂಪ್ಯೂಟರಲ್ಲಿ ಬಣ್ಣ ಹಾಕೋದು, ಅದರಿಂದ ಇವರೂ ಪೂರ್ತಿ ಪಾರಾಗಿಲ್ಲ. ಚಾನೆಲ್ ಕೈಲಿ ಅಸಲಿ ಬಣ್ಣದ ನೆಗೆಟಿವ್ ಇಲ್ಲದ ಹಾಗೆ ನೋಡ್ಕೊಂಡ್ರು ಅಷ್ಟೇ.

ಕುಡ್ಲದ_ಪೊಣ್ಣು:
ಎಲ್ಲ ಬೆಳಕಿನ ಬಗ್ಗೆ ಆಯ್ತು, ಕಥೆಗೆ ಬನ್ನಿ. ನನಗೆ ಈ ನ್ವಾರ್ ಅಂದ್ರೆ ಒಂದು ತಕರಾರುಂಟು. ಯಾವಾಗಲೂ ಹೆಂಗಸೇ ಬಲೆ ಬೀಸುವವಳು, ಗಂಡಸು ಪಾಪದವ. ಇನ್ಶೂರೆನ್ಸ್ ಏಜೆಂಟು, ಹೋಟೆಲ್ ಕೆಲಸದವ, ಎಲ್ಲರಿಗೂ ತಲೆ ಕೆಡಿಸಿದ್ದು ಒಬ್ಬಳು ಹೆಂಗಸು ಅಂತ. ಅವರಿಗೆ ಸ್ವಂತ ತಲೆ ಇರಲಿಲ್ವಾ? ಈ ಎಪಿಸೋಡು ನನಗೆ ಇಷ್ಟ ಆಗಿದ್ದೇ ಅದಕ್ಕೆ, ಅದೇ ಕಥೆಯನ್ನ ಅವಳ ಕಡೆಯಿಂದಲೂ ಒಮ್ಮೆ ಹೇಳ್ತಾರೆ. ನಟರು ಅವರೇ, ಕ್ಲಬ್ಬು ಅದೇ, ಸತ್ತವನು ಅವನೇ, ಆದ್ರೆ ಈ ಸಲ ಬಲೆ ಬೀಸುವವನು ಅವನು. ಒಂದೇ ಗಂಟೆಯೊಳಗೆ ಇಡೀ ನ್ವಾರ್ ಪಿಚ್ಚರುಗಳ ಪಕ್ಷಪಾತ ಎತ್ತಿ ತೋರಿಸಿದ್ರು. ಅದನ್ನ ಬರೆದ ಇಬ್ಬರಲ್ಲಿ ಒಬ್ಬರು ಹೆಂಗಸು, ಡೆಬ್ರಾ ಫ್ರ್ಯಾಂಕ್. ಇನ್ನೊಬ್ಬರು ಕಾರ್ಲ್ ಸಾಟರ್.

ಕಿಟ್ಟಪ್ಪ_ಜೆಪಿನಗರ:
ಒಪ್ಪಲ್ಲ ಮೇಡಂ. ಅವಳ ಕಣ್ಣಲ್ಲೇ ಕಾಣ್ತಿತ್ತು.

ಕುಡ್ಲದ_ಪೊಣ್ಣು:
ಯಾವ ಕನಸಿನ ಕಣ್ಣು ಅಂಕಲ್?

ರೀಲ್‌ಸುತ್ತೋಳು:
ಇಬ್ಬರಿಗೂ ಶಿಕ್ಷೆ ಆಗೋದೂ ಹಳೇ ರೂಲ್ಸ್‌ಗೆ ಸರಿಯಾಗಿದೆ ನೋಡಿ. 1934ರಿಂದ ಹಾಲಿವುಡ್ಡಲ್ಲಿ ಪ್ರೊಡಕ್ಷನ್ ಕೋಡ್ ಬಿಗಿ ಮಾಡಿದ್ರು, ತಪ್ಪು ಮಾಡಿದೋರು ತೆರೆ ಮೇಲೆ ಗೆಲ್ಲೋ ಹಾಗಿಲ್ಲ. ಅದಕ್ಕೇ ನ್ವಾರ್ ಪಿಚ್ಚರಲ್ಲಿ ಪ್ರೀತಿ ಮಾಡಿದ ಕೂಡಲೇ ಗೊತ್ತಾಗುತ್ತೆ ಇವರು ಉಳಿಯಲ್ಲ ಅಂತ. ಆ ಇನ್ಶೂರೆನ್ಸ್ ಏಜೆಂಟಿನ ಪಿಚ್ಚರ್ 'ಡಬಲ್ ಇಂಡೆಮ್ನಿಟಿ'ಗೆ ವೈಲ್ಡರ್ ಗ್ಯಾಸ್ ಚೇಂಬರ್ ಸೀನೇ ತೆಗೆದಿದ್ರು, ಆಮೇಲೆ ಬೇಡ ಅಂತ ಕಿತ್ತಾಕಿದ್ರು. ಒಳ್ಳೇದೇ ಆಯ್ತು, ಈಗಿರೋ ಕೊನೆ ಅದಕ್ಕಿಂತ ಚುಚ್ಚುತ್ತೆ.

ಹುಬ್ಬಳ್ಳಿ_ಮಿರ್ಚಿ:
ಬೆಂಗಳೂರಾಗ ಇದನ್ನ ಎಲ್ಲಿ ನೋಡೂದ್ರೀ? ಹುಡುಕಿ ಹುಡುಕಿ ಸಾಕಾತು.

ರೀಲ್‌ಸುತ್ತೋಳು:
ಅಮೆರಿಕದಲ್ಲೇ 2023ರ ಅಕ್ಟೋಬರ್‌ವರೆಗೂ ಸ್ಟ್ರೀಮಿಂಗಲ್ಲಿ ಇರ್ಲಿಲ್ಲ ಮಾರಾಯ. ಎಪಿಸೋಡ್ ತುಂಬಾ ಸಿನಿಮಾ ಹಾಡು, ಪಾಪ್ ಹಾಡು ಹಾಕ್ಬಿಟ್ಟಿದ್ರು, ಆಗ ಸ್ಟ್ರೀಮಿಂಗ್ ಬರುತ್ತೆ ಅಂತ ಯಾರಿಗೆ ಗೊತ್ತು. ಹಾಡಿನ ಹಕ್ಕು ಬಗೆಹರಿಯೋಕೆ ಅಷ್ಟು ವರ್ಷ ಹಿಡೀತು. ನಾನು ಹಳೇ ಡಿವಿಡಿ ಇಟ್ಕೊಂಡಿದೀನಿ, ಕೇಳಬೇಡ, ಕೊಡಲ್ಲ. ಇದೇ ಎಪಿಸೋಡಲ್ಲಿ ಮ್ಯಾಡಿ ಪಾತ್ರದ ಸಿಬಿಲ್ ಶೆಫರ್ಡ್ 'ಬ್ಲೂ ಮೂನ್' ಹಾಡನ್ನ ಸ್ವತಃ ಹಾಡಿದಾರೆ, ಡಿಟೆಕ್ಟಿವ್ ಏಜೆನ್ಸಿ ಹೆಸರೂ ಬ್ಲೂ ಮೂನ್.

ಕಿಟ್ಟಪ್ಪ_ಜೆಪಿನಗರ:
ನಮಸ್ಕಾರ, ಇದು ಅವರಲ್ಲ, ಅವರ ಮನೆಯವ್ಳು ಬರೀತಿರೋದು. ಫೋನು ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋಗಿದಾರೆ. ಬೆಳಗ್ಗೆಯಿಂದ ನಗ್ತಾ ಕೂತಿದ್ರಲ್ಲ ಏನಪ್ಪಾ ಅಂತ ನೋಡಿದ್ರೆ ಇದು. ನೀವೆಲ್ಲ ಇಷ್ಟು ವಿದ್ವತ್ತಿಂದ ಬರ್ದಿದೀರಿ ಅದಕ್ಕೆ ನಿಜ ಹೇಳಿಬಿಡ್ತೀನಿ. ನಮ್ಮೆಜಮಾನ್ರು ಮ್ಯಾಡಿ ಕನಸು ನೋಡೇ ಇಲ್ಲ. ಆ ದಿನ ಸೊಸೆ ಬಿಸಿಬೇಳೆಭಾತ್ ಮಾಡಿದ್ಲು, ಎರಡು ಸಲ ಹಾಕ್ಸಿಕೊಂಡಿದ್ರು, ಸೋಫಾ ಮೇಲೆ ಗೊರಕೆ. ಡೇವಿಡ್ ಕನಸಿಗೆ ಮಾತ್ರ ಎದ್ದು ಕೂತಿದ್ದು. ಒಂದು ಕಡೆ ಸಾಕ್ಷಿ ಕೇಳಿ ತೀರ್ಪು ಬರೆದಿದಾರೆ.

ಕುಡ್ಲದ_ಪೊಣ್ಣು:
ಅಯ್ಯೋ ದೇವ್ರೇ 😂 ನನಗೆ ಆಗಲೇ ಡೌಟಿತ್ತು ಆಂಟಿ!

ಮಂಡ್ಯದ್_ಗೌಡ್ತಿ:
ಎರಡೂ ಒಂದೇ ಥರ ಕಂಡ್ವಂತೆ! ಕಾಣ್ದೇ ಇನ್ನೇನು, ಒಂದೇ ನೋಡಿದ್ಮೇಲೆ.

ಕಿಟ್ಟಪ್ಪ_ಜೆಪಿನಗರ:
ನಾನೇ ಈಗ. ಕಣ್ಣು ಮುಚ್ಚಿದ್ದೆ ಅಷ್ಟೇ, ಕಿವಿ ತೆರೆದೇ ಇತ್ತು. ಎಲ್ಲಾ ಕೇಳಿಸ್ಕೊಂಡಿದೀನಿ.

ಲೈಟ್‌ಸುಬ್ಬು:
ಅದ್ಯಾವ ಕಿವೀಲಿ ಸಾರ್ ಲೈಟಿಂಗ್ ನೋಡಿದ್ರಿ?

ಕಿಟ್ಟಪ್ಪ_ಜೆಪಿನಗರ:
ಸರಿ ಮಾರಾಯರೇ, ಇವತ್ತು ರಾತ್ರಿ ಮತ್ತೆ ಹಾಕ್ತೀವಿ. ಊಟಕ್ಕೆ ಮುಂಚೆ.